ಎಡತೋಳು

ಫಾಲ್ ರಿವರ್ ಊರಿನಲ್ಲಿ ನದಿ
ಹಳೆಯ ಗಿರಣಿಗಳ ಅಡಿಯಲ್ಲೇ ಹರಿಯುತ್ತದೆ, ಯಾರಿಗೂ ಕಾಣದ ಹಾಗೆ.
ನಮ್ಮ ಕಚೇರಿಯೂ ಹೆಚ್ಚುಕಡಿಮೆ ಹಾಗೇ.
ಮೀನಂಗಡಿಯ ಪಕ್ಕದ ಮೆಟ್ಟಿಲು, ಎರಡನೇ ಮಹಡಿ,
ಬೀದಿಬಾಗಿಲಿಗೆ ಎರಡು ಭಾಷೆಯ ಫಲಕ:
ಪಿಂಚಣಿ ತಕರಾರು. ವಕೀಲರಿದ್ದಾರೆ. ಶುಲ್ಕವಿಲ್ಲ.

ಆ ಕೊನೆಯ ಮಾತು ನೆನಪಾಗಿಯೇ
ಎಷ್ಟೋ ಜನ ಅರ್ಧ ಮೆಟ್ಟಿಲಿಂದ ತಿರುಗುತ್ತಾರೆ.
ಬಿಟ್ಟಿ ಸಿಕ್ಕಿದ್ದರೊಳಗೆ ಹುಳುಕಿಲ್ಲದೆ ಇರುತ್ತದೆಯೇ?
ಇಳಿಯುವ ಹೆಜ್ಜೆಯ ಸದ್ದು ನನಗೀಗ ಗುರುತು ಸಿಗುತ್ತದೆ.

ದಿಯೊಲಿಂಡಾ ಫುರ್ತಾದೊ ತಿರುಗಲಿಲ್ಲ.
ಮಂಡಿನೋವಿಗೆ ಮೆಟ್ಟಿಲಿಗೊಬ್ಬ ಸಂತನ ಹೆಸರು ಹೇಳುತ್ತ ಹತ್ತಿದರು.
ಹದಿನೇಳಕ್ಕೆ ಸಂತರು ಮುಗಿದರಂತೆ;
ಉಳಿದ ಐದಕ್ಕೆ ತಮ್ಮಂದಿರನ್ನು ಕರೆದರಂತೆ.

ಕೈಚೀಲದಿಂದ ಒಂದು ಕಾಗದ:
'ನಮ್ಮ ದಾಖಲೆಯಂತೆ ತಮ್ಮ ಸೇವೆ
ಒಂಬತ್ತು ವರ್ಷ, ಎಂಟು ತಿಂಗಳು.
ಹತ್ತು ತುಂಬದವರಿಗೆ ವಿಷಾದಿಸುತ್ತೇವೆ.'
ವಿಷಾದಿಸಿದವರು ನೆಬ್ರಾಸ್ಕಾದ ಒಂದು ವಿಮಾ ಕಂಪನಿ.
ಆಕೆ ಹೊಲಿದದ್ದು ಬೇರೆ ಕಂಪನಿಗೆ;
ಅದನ್ನು ಇನ್ನೊಂದು ನುಂಗಿತು, ಇನ್ನೊಂದನ್ನು ಮತ್ತೊಂದು.
ಕೊಟ್ಟವಳು ಕೋಡಂಗಿ, ಇಸಕೊಂಡವನು ಈರಭದ್ರ,
ಈರಭದ್ರನ ವಿಳಾಸ ಮಾತ್ರ ಮೂರು ಸಲ ಬದಲು.

'ಏನು ಹೊಲಿಯುತ್ತಿದ್ದಿರಿ?' ವಕೀಲ ಬ್ರೆಂಡನ್ ಟಿಯರ್ನಿ ಕೇಳಿದ.
'ಮಳೆಕೋಟಿನ ಎಡತೋಳು.
ಬಲತೋಳು ಜೆನೊವೆವಾ ಮೆದೇರೊಸ್‌ದು.
ಇಡೀ ಕೋಟನ್ನು ನಾವಿಬ್ಬರೂ
ಅಂಗಡಿಯ ಗಾಜಿನೊಳಗೆ ನೋಡಿದ್ದು.'

ಕಾಣೆಯಾದದ್ದು ಒಂದು ಚಳಿಗಾಲ.
ಆ ನಾಲ್ಕು ತಿಂಗಳ ಹಾಜರಿ ಪುಸ್ತಕ ಸಿಕ್ಕಿಲ್ಲವಂತೆ.
ಸಿಕ್ಕಿಲ್ಲದ್ದು ಅವರಿಗೆ, ಕಳೆದುಕೊಂಡದ್ದು ಈಕೆ.

ಸಹಿ ಮಾಡಲು ಪೆನ್ನು ಕೊಟ್ಟೆ.
ತೋರುಬೆರಳು ಮಡಚಲಿಲ್ಲ.
ಉಗುರಿನ ನಡುವೆ ಅಕ್ಕಿಯ ನುಚ್ಚಿನಷ್ಟು ಬಿಳಿ ಕಲೆ.
'ಇದಾ? ಸೂಜಿ. ಈ ಕಡೆ ಹೊಕ್ಕು ಆ ಕಡೆ ಬಂತು.'
'ಯಾವಾಗ?'
'ಮಗಳ ಜ್ಞಾನಸ್ನಾನದ ವಾರ. ಫೆಬ್ರವರಿ.'
ಬ್ರೆಂಡನ್ ಕುರ್ಚಿ ಮುಂದಕ್ಕೆಳೆದುಕೊಂಡ.

ಬಾಸ್ಟನ್ನಿನ ಯಾವುದೋ ನೆಲಮಾಳಿಗೆಯಿಂದ
ಹನ್ನೊಂದು ವಾರದ ಮೇಲೆ ಬಂತು ಕಾರ್ಬನ್ ಪ್ರತಿ.
ಮೇಸ್ತ್ರಿಯ ಕೈಬರಹ:
'ರಕ್ತ ಬಟ್ಟೆಗೆ ತಾಗಿದೆ. ಎರಡು ತೋಳು ವ್ಯರ್ಥ.
ಕೆಲಸ ನಿಂತದ್ದು ಹತ್ತು ನಿಮಿಷ. ಕೂಲಿ ಕಡಿತ.'
ಹಿಂದೆ ಗುಂಡುಸೂಜಿ ಚುಚ್ಚಿ, ನವೆಂಬರಿನಿಂದ ಮಾರ್ಚಿಯವರೆಗೆ
ವಾರವಾರವೂ ಆಕೆ ಹೊಲಿದ ತೋಳುಗಳ ಎಣಿಕೆ.
ಕಡಿತ ಸರಿಯೆಂದು ತೋರಿಸಲು
ಪುಣ್ಯಾತ್ಮ ಎಲ್ಲವನ್ನೂ ಬರೆದಿಟ್ಟಿದ್ದ.

ಅಷ್ಟಾದರೂ ಎರಡು ಉತ್ತರ
ಅಡ್ಡಗೋಡೆಯ ಮೇಲಿನ ದೀಪ.
ಮೂರನೆಯದು ಬರುವಷ್ಟರಲ್ಲಿ ಬ್ರೆಂಡನ್ ಕನ್ನಡಕ ಬದಲಿಸಿದ್ದ,
ಕೆಳಗಿನ ಮೀನಂಗಡಿ ಕೈಬದಲಾಗಿತ್ತು.
ತಿಂಗಳಿಗೆ ನೂರ ಹನ್ನೊಂದು ಡಾಲರು, ಜೊತೆಗೆ ಬಾಕಿ.

ಆಕೆ ಕಾಗದವನ್ನು ಓದಲಿಲ್ಲ.
ಬಟ್ಟೆಯ ನೇಯ್ಗೆ ನೋಡುವವರ ಹಾಗೆ
ಅಂಚು ಹಿಡಿದು ಬೆಳಕಿಗೆ ಎತ್ತಿದರು.
'ಆ ಹತ್ತು ನಿಮಿಷದ್ದೂ ಸೇರಿದೆಯಾ?'

ಸೇರಿರಲಿಲ್ಲ.
ಬ್ರೆಂಡನ್ ನಿಜವಾಗಿಯೂ ನಿಯಮ ಪುಸ್ತಕ ತೆರೆದು ನೋಡಿದ.

ಮುಂದಿನ ಮಂಗಳವಾರ
ಹತ್ತುವ ಹೆಜ್ಜೆ, ಇಳಿಯುವ ಹೆಜ್ಜೆ, ಒಟ್ಟಿಗೇ.
ಬಾಗಿಲು ತೆಗೆದು ಬಗ್ಗಿ ನೋಡಿದೆ.
ಅರ್ಧ ಮೆಟ್ಟಿಲಲ್ಲಿ ದಿಯೊಲಿಂಡಾ
ಇನ್ನೊಬ್ಬ ಮುದುಕಿಯ ತೋಳು ಹಿಡಿದು ಮೇಲಕ್ಕೆ ಜಗ್ಗುತ್ತಿದ್ದರು.

'ಇವಳಿಗೂ ಅದೇ ಚಳಿಗಾಲ ಇಲ್ಲವಂತೆ.
ಹೋದ ವರ್ಷ ಇಲ್ಲಿಂದಲೇ ತಿರುಗಿ ಹೋದಳಂತೆ, ಪೆದ್ದಿ.'
ಏದುಸಿರು ಬಿಟ್ಟು ದನಿ ತಗ್ಗಿಸಿದರು:
'ಕಷ್ಟ ಇದೆ.
ಇವಳ ಕೈ ಚುರುಕು.
ಒಂದು ಸಲವೂ ಚುಚ್ಚಿಸಿಕೊಂಡಿಲ್ಲ.'