ಉಗುರು ಇಳಿಯದ ದಿನ

ತೂಕ-ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ
ಸಾಗರದ ಅಂಗಡಿ ಅಂಗಡಿ ಹೊಕ್ಕು
ತಕ್ಕಡಿಗೆ ಮುದ್ರೆ ಒತ್ತಿದವನು ನಾನು.
ಬಲಿತದ್ದು, ಎಳೆಯದು ಅನ್ನುವುದಕ್ಕೆ
ನಮ್ಮ ಪೆಟ್ಟಿಗೆಯಲ್ಲಿ ಬಟ್ಟು ಇರಲಿಲ್ಲ.

ಬೂದುಗುಂಬಳವಾದರೆ ಸುಲಭ. ಮೈತುಂಬ ಬೂದಿ ಬಳಿದುಕೊಂಡು
ತಾನೇ ಹೇಳುತ್ತದೆ, ಕದ್ದವನ ಹೆಗಲೂ ಹೇಳುತ್ತದೆ.
ಚೀನಿಕಾಯಿ ಹಾಗಲ್ಲ.
ಹಸಿರು ಬಿಟ್ಟು ಕಾವಿಗೆ ತಿರುಗಿದ ಮೇಲೂ
ಒಳಗೊಂದು ಹೊರಗೊಂದು.

ಹೋದ ವರ್ಷ ಮಂಗಗಳ ಹೆದರಿಕೆಗೆ
ಬಣ್ಣ ನಂಬಿ ಕೊಯ್ದೆ.
ಹೋಳು ಮಾಡಿದರೆ ಸೌತೆಯ ಬಿಳುಪು,
ಬೀಜ ಬರೀ ಸಿಪ್ಪೆ, ಒತ್ತಿದರೆ ನೀರು.
ಜಲಜಾಕ್ಷಿ ಹುಳಿಗೆ ಎರಡು ಉಂಡೆ ಬೆಲ್ಲ ಹಾಕಿದಳು,
ಏನೂ ಅನ್ನಲಿಲ್ಲ.
ಅದೇ ದಂಡ.

ಈ ವರ್ಷ ಬಳ್ಳಿ ಸೌದೆ ಕೊಟ್ಟಿಗೆಯ ತಗಡು ಹತ್ತಿ
ಗೋಡೆಯಾಚೆಗೂ ಒಂದು ಕೈ ಚಾಚಿತ್ತು.
ಸೆಪ್ಟೆಂಬರಿನ ಒಂದು ಹೊಳವಿನಲ್ಲಿ
ವೆಲ್ಡಿಂಗ್ ಶಾಪಿನ ಗೌಸ್‌ಪೀರನ ಮಗಳು
ಎಳೆಗಾಯಿಯ ಮೈಮೇಲೆ ಉಗುರಿನಲ್ಲಿ ಹೆಸರು ಬರೆಯುತ್ತ ಕೂತಿದ್ದಳು.
'ಮು' ಆಗಿತ್ತು. ಉಳಿದ 'ಬೀನಾ'
ನನ್ನ ಗದರಿಕೆಗೆ ಗೋಡೆ ಹಾರಿ ಓಡಿತು.

ಗಾಯದಲ್ಲಿ ಮುತ್ತು ಮುತ್ತಾಗಿ ಅಂಟು ಕೂತಿತು.
ಕೊಳೆಯುತ್ತದೆ ಅಂದುಕೊಂಡೆ. ಕೊಳೆಯಲಿಲ್ಲ.
ಕಾಯಿ ಹಿಗ್ಗಿದ ಹಾಗೆ ಅಕ್ಷರವೂ ಹಿಗ್ಗಿ
ಅಂಗೈಯಗಲವಾಯಿತು, ಬಿರಟೆಯಂತೆ ಕಂದಾಗಿ ಉಬ್ಬಿತು.
ಮೇಷ್ಟ್ರಿಲ್ಲದೆ ದುಂಡಗಾದ ಅಕ್ಷರ.

ದೀಪಾವಳಿ ಬಂತು. ಕಡುಬಿಗೆ ಕಾಯಿ ಬೇಕು.
ಜಲಜಾಕ್ಷಿ ಕತ್ತಿ ಹಿಡಿದು ಏಣಿಯ ಬುಡದಲ್ಲಿ.
ಮೇಲೆ ಹತ್ತಿ ನೋಡಿದೆ: ತಗಡಿಗೆ ತಾಗಿದ ಮಗ್ಗುಲು ಇನ್ನೂ ಬೆಳ್ಳಗೆ,
ತೊಟ್ಟಿನಲ್ಲಿ ರಸ,
ಪಕ್ಕದ ಕುಡಿ ಹಸಿರಾಗಿ ಸುತ್ತಿಕೊಂಡಿದೆ
ಶಾಲೆಗೆ ಹೋಗಲೊಲ್ಲದ ಮಗು ಕಂಬ ತಬ್ಬಿದ ಹಾಗೆ.
"ಹಬ್ಬ ಪಂಚಾಂಗದ್ದು, ಇದು ಬಳ್ಳಿಯದ್ದು" ಅಂದೆ.
"ಹಾಗಿದ್ದರೆ ಪೇಟೆಗೆ ನಡೀರಿ" ಅಂದಳು.

ಪೇಟೆಯಲ್ಲಿ ಕಿಲೋಗೆ ನಲವತ್ತು.
ತಕ್ಕಡಿಯ ಮೇಲಿದ್ದದ್ದು ನನ್ನದೇ ಮುದ್ರೆ,
ಅವಧಿ ಮುಗಿದು ಹನ್ನೊಂದು ವರ್ಷ.
ಸುಮ್ಮನೆ ಚೀಲ ಒಡ್ಡಿದೆ.

ಆಮೇಲೆ ತಾಳ್ಮೆಯಿಂದ ಕಾದೆ ಅಂದರೆ ಸುಳ್ಳಾದೀತು.
ದಿನಕ್ಕೆ ಮೂರು ಸಲ ಏಣಿ.
ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರೆ
ಕೇಳಿಸಿದ್ದು ನನ್ನ ಗೆಣ್ಣಿನ ಸದ್ದೇ.

ಅರ್ಧ ಕಾರ್ತಿಕ ಕಳೆದು, ಇಬ್ಬನಿ ಆರಿದ ಹೊತ್ತು,
ಗೋಡೆಯ ಮೇಲೆ ಮುಬೀನಾ.
"ಅಜ್ಜಾ, ಉಳಿದದ್ದು ಬರೀಲಾ?"
ಈ ಸಲ ಗದರಲಿಲ್ಲ.
ನಾಲಗೆ ಕಚ್ಚಿಕೊಂಡು, 'ಮು'ವಿನ ಪಕ್ಕ
'ಬೀ' ಎಂದು ಉಗುರು ಊರಿದಳು.
ಜಾರಿತು.
ಮತ್ತೆ ಊರಿದಳು. ಗೆರೆಯಿಲ್ಲ, ಕಲೆಯಿಲ್ಲ,
ಉಗುರಿನ ತುದಿಯೇ ಮುರಿಯಿತು.
"ಬರೆಸಿಕೊಳ್ಳಲ್ವಂತೆ" ಅಂದಳು, ಮುಖ ಸಣ್ಣಗೆ ಮಾಡಿ.

ಬಗ್ಗಿ ನೋಡಿದೆ.
ತೊಟ್ಟು ಕಟ್ಟಿಗೆಯಾಗಿತ್ತು, ಕುಡಿ ಒಣದಾರ,
ಅಡಿಯ ಮಗ್ಗುಲಿಗೆ ಕಾಸಿದ ತುಪ್ಪದ ಬಣ್ಣ.

ನಾಲ್ಕು ಬೆರಳು ತೊಟ್ಟು ಬಿಟ್ಟು ಕೊಯ್ದೆ.
ಅವಳೊಂದು ಕಡೆ ನಾನೊಂದು ಕಡೆ
ಹೊತ್ತು ಇಳಿಸಿದೆವು. ತೂಕ ಮಾಡಲಿಲ್ಲ.

ಈಗ ಜಗಲಿಯಲ್ಲಿ ಹತ್ತು ದಿನದ ಬಿಸಿಲು ಕಾಯುತ್ತಿದೆ,
'ಮು' ರಸ್ತೆಯ ಕಡೆಗೆ.
ಹೋಗುವವರು ನಿಂತು ಕೇಳುತ್ತಾರೆ,
ಏನ್ರೀ ಬರೆದದ್ದು, ಮುಂದೇನು?

ಜಲಜಾಕ್ಷಿ ಒಳಗಿನಿಂದಲೇ:
"ಮುಟ್ಟಬೇಡಿ ಅಂತ."