ಬುಧವಾರ, ಗುರುವಾರ

ವಾರಕ್ಕೆರಡು ದಿನ ನನಗೆ ಕ್ಷೇತ್ರಕಾರ್ಯ.
ಉಳಿದವರಿಗೆ ಆಸ್ಪತ್ರೆ, ಬಾಲಮಂದಿರ, ಹರಿಹರದ ಕಾರ್ಖಾನೆ.
ನನಗೆ ಬಂದದ್ದು ತೋಳಹುಣಸೆಯಲ್ಲೇ,
ನಾನು ಓದುವ ಕಟ್ಟಡದ ಮೆಟ್ಟಿಲ ಕೆಳಗೆ,
ವಿದ್ಯಾರ್ಥಿ ಕ್ಷೇಮಪಾಲನಾ ವಿಭಾಗ.
"ಅದೃಷ್ಟವಂತೆ ಕಣೇ, ಬಸ್ ಚಾರ್ಜು ಉಳೀತು" ಅಂದಳು ಪುಷ್ಪಲತಾ.

ತರಗತಿಯಲ್ಲಿ ಜೋಡಿಜೋಡಿಯಾಗಿ ಅಭ್ಯಾಸ ಮಾಡಿದ್ದೆವು.
ಒಬ್ಬರು ಅಳುವುದು, ಒಬ್ಬರು ತಲೆಯಾಡಿಸುವುದು.
ತುಸು ಮುಂದೆ ಬಾಗಿ, ಕೈ ಕಟ್ಟಬೇಡಿ, ಸಲಹೆ ಕೊಡಬೇಡಿ.
ರಜಿಯಾ ಒಂದು ದಿನ ನಿಜಕ್ಕೂ ಅತ್ತುಬಿಟ್ಟಳು;
ಮೇಡಂ "ವೆರಿಗುಡ್" ಅಂದರು.
ಮರುಕಕ್ಕೂ ಸಹಾನುಭೂತಿಗೂ ಇರುವ ವ್ಯತ್ಯಾಸ
ಎಂಟು ಅಂಕಕ್ಕೆ ಬರೆದು ಏಳು ತೆಗೆದಿದ್ದೆ.

ಮೊದಲ ದಿನ ಬಂದವರೆಲ್ಲ ಕೇಳಿದ್ದು ಒಂದೇ:
"ಅಕ್ಕಾ, ಸೀಲು ಯಾರ ಹತ್ರ ಐತಿ?"

ಸೀಲು ಕಲ್ಲೇಶಪ್ಪನವರ ಹತ್ತಿರ.
ಬೀಗದ ಡ್ರಾಯರಿನಲ್ಲಿ, ಎಲೆಅಡಿಕೆ ಡಬ್ಬಿಯ ಪಕ್ಕ.
ಫ್ಯಾನು ಜೋರಾದರೆ ಅರ್ಜಿ ಹಾರುತ್ತವೆ,
ನಿಂತರೆ ನಾವು ಬೇಯುತ್ತೇವೆ,
ಹೀಗಾಗಿ ಎರಡಕ್ಕೇ ಇಟ್ಟು
ಮೇಲೊಂದು ಕಲ್ಲು ಹೇರಿದ್ದಾರೆ,
ಬಾಡದ ಅವರ ಹೊಲದ್ದಂತೆ.
"ಕೂಸೇ, ನಿನ್ನ ಕೌನ್ಸೆಲಿಂಗು ಆಮೇಲೆ ಮಾಡ್ಕೊ,
ಮೊದಲು ಇವಕ್ಕೆ ಗುಂಡುಪಿನ್ನು ಹಾಕು."

ಹಾಕಿದೆ.
ಆದಾಯ ಪತ್ರ, ಜಾತಿ ಪತ್ರ, ಹಾಸ್ಟೆಲ್ ಅರ್ಜಿ.
ಬೆರಳ ತುದಿಗೆ ತೂತು ಬಿದ್ದವು.

ಎರಡನೇ ಬುಧವಾರ ಜಬೀವುಲ್ಲಾ ಬಂದ,
ಎಂ.ಕಾಂ., ಹಾಜರಿ ಅರವತ್ತೆಂಟು.
ಬಾಗಿಲಲ್ಲೇ ನಿಂತು ಚಪ್ಪಲಿ ಬಿಟ್ಟ; ಬಿಡಬೇಕಿರಲಿಲ್ಲ.
ತುಸು ಮುಂದೆ ಬಾಗಿ ಕೇಳಿದೆ.
ರಾತ್ರಿ ಎರಡಕ್ಕೆ ಮಂಡಕ್ಕಿ ಭಟ್ಟಿಗೆ ಹೋಗ್ತಾನೆ,
ಬಾಣಲೆಯಲ್ಲಿ ಮರಳು ಕಾಯಿಸಿ, ಅಕ್ಕಿ ಸುರಿದು,
ಅದು ಅರಳುವ ಮೊದಲೇ ಜಾಲರಿ ಹಿಡಿಯಬೇಕು,
ಒಂದು ಗಳಿಗೆ ತಡವಾದರೆ ಕಪ್ಪು.
ಎಂಟರ ತನಕ ಅದೇ.
ಒಂಬತ್ತೂವರೆಗೆ ಲೆಕ್ಕಪರಿಶೋಧನೆಯ ಪಾಠ.
"ಬರ್ತೀನಿ ಅಕ್ಕಾ, ದಿನಾ ಬರ್ತೀನಿ.
ಬೆಂಚಿನ ಮ್ಯಾಲೆ ತಲೆ ಇಟ್ರೆ
ಹೆಸರು ಕೂಗಿದ್ದು ಕೇಳ್ಸಂಗಿಲ್ಲ."

ಅರ್ಜಿಯಲ್ಲಿ 'ಕಾರಣ' ಅಂತ ಒಂದೂವರೆ ಸಾಲು ಜಾಗ.
ಭಟ್ಟಿ ಎಂದು ಬರೆಯಹೊರಟವನ ಕೈ ತಡೆದವರು ಕಲ್ಲೇಶಪ್ಪ.
"ಜ್ವರ ಅಂತ ಬರಿ."
"ಜ್ವರ ಬಂದಿಲ್ಲ ಸಾರ್."
"ಮೈ ಸುಡೋದು ಸುಡೋದೇ. ಬರಿ.
ವೈದ್ಯರ ಚೀಟಿ ನಾನು ನೋಡ್ಕೊಂತೀನಿ."

ಸೀಲು ಬಿತ್ತು.
ನಾನು ಏನೂ ಹೇಳಲಿಲ್ಲ.
ಸಲಹೆ ಕೊಡಬಾರದೆಂದು ಕಲಿತಿದ್ದೆ, ನಿಜ;
ಕೊಡಲು ಇರಲೂ ಇಲ್ಲ.
ಆ ರಾತ್ರಿ ಕ್ಷೇತ್ರಕಾರ್ಯದ ದಿನಚರಿಯಲ್ಲಿ
'ಇಂದು ಕಲಿತದ್ದು' ಎಂಬ ಅಂಕಣ ಖಾಲಿ ಬಿಟ್ಟೆ.
ಮೇಡಂ ಕೆಂಪು ಶಾಯಿಯಲ್ಲಿ ಬರೆದರು: ವಿವರಿಸಿ.

ನಿನ್ನೆ ವಿದ್ಯಾರ್ಥಿವೇತನದ ತಿರಸ್ಕೃತರ ಪಟ್ಟಿ ಬಂತು.
ನಾಲ್ಕು ಪುಟ. ಪಿನ್ನು ಹಾಕುತ್ತಾ ಹೋದೆ.
ಮೂರನೇ ಪುಟದ ಹನ್ನೊಂದನೇ ಹೆಸರು ನನ್ನದು.
ಖಾತೆಗೆ ಆಧಾರ್ ಜೋಡಣೆಯಾಗಿಲ್ಲ.
ನಾಲ್ಕನೇ ಪುಟ ಮೇಲಿಟ್ಟೆ,
ಅದರ ಮೇಲೆ ಕಲ್ಲು.
ಕಲ್ಲೇಶಪ್ಪನವರಿಗೆ ಟೀ ತರಿಸಿದೆ.
ಅಮ್ಮನಿಗೆ ಫೋನು ಮಾಡಲಿಲ್ಲ.

ಇವತ್ತು ಮಧ್ಯಾಹ್ನ ಮೂರಕ್ಕೆ
ಪಾಸ್‌ಬುಕ್ಕಿನ ಜೆರಾಕ್ಸು ಹಿಡಿದು
ಮೇಜು ಸುತ್ತಿ ಹೊರಗೆ ಬಂದೆ, ಸಾಲಿನ ಕೊನೆಗೆ ನಿಂತೆ.
ಇಲ್ಲಿಂದ ಆ ಕೋಣೆ ಇಷ್ಟು ಕತ್ತಲೆ ಎಂದು ಗೊತ್ತಿರಲಿಲ್ಲ.
ಫ್ಯಾನಿನ ಗಾಳಿ ಬಾಗಿಲವರೆಗೆ ಬರುವುದಿಲ್ಲ.
ಕಲ್ಲೇಶಪ್ಪ ಕನ್ನಡಕದ ಮೇಲಿಂದ ಒಮ್ಮೆ ನೋಡಿದರು,
ನಗಲಿಲ್ಲ, ಕರೆಯಲೂ ಇಲ್ಲ,
ಮುಂದಿದ್ದವನ ಕಾಗದ ತಗೊಂಡರು.
ಅದಕ್ಕೆ ಅವರಿಗೆ ಋಣಿ.

ನನ್ನ ಮುಂದೆ ಉಚ್ಚೆಂಗಮ್ಮ, ಹಾಸ್ಟೆಲ್ ಪಟ್ಟಿಯಲ್ಲಿ
ಒಂದೇ ಹೆಸರಿನಿಂದ ತಪ್ಪಿಹೋದವಳು.
ತಿರುಗಿ ನೋಡಿ ಹುಬ್ಬೇರಿಸಿದಳು.
"ಅಕ್ಕಾ, ನೀವು ಒಳಗೆ ಕೆಲಸ ಮಾಡೋರಲ್ವಾ?"

"ಬುಧವಾರ, ಗುರುವಾರ ಮಾತ್ರ" ಅಂದೆ.

ಅವಳು ಬೆರಳು ಮಡಿಸಿ ಎಣಿಸಿದಳು.
"ಇವತ್ತು ಗುರುವಾರ ಅಲ್ವಾ?"