ಮುನೀರೆ

ರಾಯ್ತೂರಿನ ಕೋಟೆಯಲ್ಲಿ ಉಳಿದಿರುವುದು ಒಂದು ಬಾಗಿಲು.
ಗೋಡೆ ಎಲ್ಲಿ ಎಂದರೆ
ಊರ ಮನೆಗಳ ಪಾಯ ನೋಡಿ, ಅನ್ನುತ್ತಾರೆ.

ಬಿರುಕಿಗೆ ಗಾರೆ ತುಂಬಲು ನಾವು ಹನ್ನೊಂದು ಜನ,
ಕುಷ್ಟಗಿ ಕಡೆಯವರು. ಹಾಜರಿ ಪುಸ್ತಕ ನನ್ನದು.
ಸಂಜೆ ಸೆಮಿನರಿಯ ಮೆಟ್ಟಿಲಿಳಿದು ಬರುವ
ಪಾದ್ರಿ ಎಲೂತೇರಿಯು,
ಲ್ಯಾಟಿನ್ ಕಲಿಸಿ ಕಲಿಸಿ ದನಿ ಸವೆದವರು,
ಸುಣ್ಣದ ಚೀಲದ ಮೇಲೆ ಕೂತು ನನಗೊಂದು ಮಾತು ಕೊಟ್ಟರು:
ಮುನೀರೆ.

"ಯಾರು ಮುನಿದಾರ್ರೀ?" ಬುಟ್ಟಿ ಹೊತ್ತ ದುರ್ಗವ್ವ ಕೇಳಿದಳು.

ಗೋಡೆ ಎಬ್ಬಿಸುವುದು ಅಂತಲೂ ಹೌದಂತೆ,
ದಾರಿ ಹಾಕುವುದು ಅಂತಲೂ ಹೌದಂತೆ.
ರೋಮಿನ ಸಿಪಾಯಿ ಹಗಲು ರಸ್ತೆ ಹಾಸಿ
ಕತ್ತಲಾಗುವ ಮೊದಲು ಬಿಡಾರದ ಸುತ್ತ ಮಣ್ಣೇರಿ ಎಬ್ಬಿಸಿ
ಎರಡಕ್ಕೂ ಇದೇ ಮಾತು ಆಡಿ ಮಲಗುತ್ತಿದ್ದನಂತೆ.
ಬಾ ಅನ್ನುವುದಕ್ಕೂ ಬರಬೇಡ ಅನ್ನುವುದಕ್ಕೂ ಒಂದೇ ಮಾತೆ?
ಪಾದ್ರಿ ನಕ್ಕರು. ಹಲ್ಲಿರಲಿಲ್ಲ.

ರಾತ್ರಿ ತಗಡಿನ ಶೆಡ್ಡಿನಲ್ಲಿ ನಮ್ಮ ಮಾತನ್ನು ತಡಕಿದೆ.
ಕಟ್ಟು.
ಗೋಡೆ ಕಟ್ಟು, ಬುತ್ತಿ ಕಟ್ಟು, ಬಾಡಿಗೆ ಕಟ್ಟು.
ದಾರಿ ಕಟ್ಟು ಅಂದರೆ ಮಾತ್ರ ನಮ್ಮಲ್ಲಿ ದಾರಿಯೇ ಇಲ್ಲ.
ಎದೆಹಾಲೂ ಕಟ್ಟುತ್ತದೆ,
ಕೂಸನ್ನು ಊರಲ್ಲಿ ಬಿಟ್ಟು ಬಂದ ಹುಲಿಗೆವ್ವ
ಗೋಡೆ ಕಡೆ ತಿರುಗಿ ಹಿಂಡಿ ಚೆಲ್ಲುತ್ತಾಳೆ.

ಮರುದಿನ ಇನ್ನೊಂದು ತಂದರು: ಮುನಿಮೆಂತುಂ.
ಮೊದಲು ಕೋಟೆ ಅಂತಿತ್ತು, ಬರಬರುತ್ತ
ಹೊಲದ ಪತ್ರ, ಸನದು, ರಸೀದಿ,
ಮನುಷ್ಯನ ಬೆನ್ನಿಗೆ ನಿಲ್ಲುವ ಯಾವುದೇ ಬರಹ ಅಂತಾಯಿತು.
ಇದು ನನಗೆ ತಕ್ಷಣ ತಿಳಿಯಿತು:
ದುರ್ಗವ್ವನ ಕಾಗದದ ಕಟ್ಟು.
ರವಿಕೆ ಬಟ್ಟೆಯಲ್ಲಿ ಸುತ್ತಿದ ರೇಷನ್ ಕಾರ್ಡು, ಕೂಲಿ ಕಾರ್ಡು,
ಸತ್ತ ಗಂಡನ ಆಸ್ಪತ್ರೆ ಚೀಟಿ.
ಪಂಚಾಯತಿಯವನು ಶೆಡ್ಡಿಗೆ ಬಂದಾಗ ಅವನೆದುರು ಹರವಿದ್ದಳು.
ಅವನಿಗೆ ಕನ್ನಡ ಬರುತ್ತಿರಲಿಲ್ಲ.
ತಲೆಕೆಳಗಾಗಿ ಹಿಡಿದು, ಬಹಳ ಹೊತ್ತು ಓದಿ, ಹೋದ.

ಹೆಸರಿನ ಅರ್ಥವೇನು, ಪಾದ್ರಿ ಕೇಳಿದರು.
ದುರ್ಗ, ನಾನೆಂದೆ, ಅದೂ ಕೋಟೆಯೇ;
ಹೋಗಲು ಕಷ್ಟವಾದ ಜಾಗ.
"ಹೋಗಾಕೇನು ಕಷ್ಟ? ಬರಾಕ ಕಷ್ಟ ಆತು.
ಮಡಗಾಂವ ತನಕ ನಿಂತ್ಕೊಂಡ ಬಂದೇನಿ."
ಅನುವಾದಿಸಲು ಹೋಗಿ ಅರ್ಧಕ್ಕೇ ಬಿಟ್ಟೆ.

ಬಾಗಿಲಡಿ ಮೀನಿನವನ ಸ್ಕೂಟರು ಹಾದುಹೋಯಿತು,
ಹಿಂದೆಯೇ ಎರಡು ನಾಯಿ.
ಪಕ್ಕದಲ್ಲಿ ಗೋಡೆಯೇ ಇಲ್ಲ, ಬಯಲು,
ಆದರೂ ಎಲ್ಲರೂ ಬಾಗಿಲಿನಿಂದಲೇ.

ಕೆಲಸದ ಕಲಮಿನಲ್ಲಿ ಬರೆದೆ: ಕಟ್ಟಿದ್ದು, ಆರು ಗಂಟೆ.
ಏನನ್ನು ಅಂತ ಬರೆಯಲು ಪುಸ್ತಕದಲ್ಲಿ ಜಾಗ ಸಣ್ಣದು.
ದುರ್ಗವ್ವ ಕೂಗುತ್ತಿದ್ದಾಳೆ, ಕಲಸಿದ ಗಾರೆ ಒಣಗುತ್ತಿದೆಯೆಂದು.